ಆಟದ ಪುಸ್ತಕಗಳೂ ಹಲಗಿ ಬಡಿದವರೂ

ನಮ್ಮ ಜಿಲ್ಲೆಯ ಅತಿ ದೊಡ್ಡ ಆಟದ ಪುಸ್ತಕಕ್ಕೆ ಈಗ ಹತ್ತಿರ ಹತ್ತಿರ 900 ವರ್ಷ. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ (ಆಳಿಕೆ 1126-1138) ತನ್ನ ಹೆಸರಿನಲ್ಲಿ ಹೊರತಂದ ‘ಮಾನಸೋಲ್ಲಾಸ’ ಅದು. ಸಂಸ್ಕೃತದ್ದು. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ರಾಜ್ಯ ಗಳಿಸುವುದು ಹೇಗೆ, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ನಲವತ್ತು. ಉಣ್ಣುವುದು, ಉಡುವುದು, ಪೂಸಿಕೊಳ್ಳುವುದಕ್ಕೆ ಇಪ್ಪತ್ತು. ಉಳಿದ ನಲವತ್ತೂ ವಿನೋದಕ್ಕೆ ಮತ್ತು ಕ್ರೀಡೆಗೆ. ಆನೆ ಓಡಿಸುವುದು, ಕುದುರೆ ಮೇಲೆ ಚೆಂಡಾಡುವುದು, ಆಳಿಗೆ ಆಳು ಬಿಟ್ಟು ಕಾದಾಡಿಸುವ ಅಂಕ, ಮಲ್ಲರ ಕುಸ್ತಿ, ಕೋಳಿ, ಲಾವಕ್ಕಿ, ಟಗರು, ಕೋಣಗಳ ಜಗಳ, ಪಾರಿವಾಳ, ನಾಯಿ, ಗಿಡುಗ, ಮೀನು, ಜಿಂಕೆ. ಇದರಲ್ಲಿನ ‘ಅಂಕ’ ಅನ್ನೋ ಮಾತು ಕರಾವಳಿಯ ಕೋಳಿಅಂಕದಲ್ಲಿ ಇವತ್ತಿಗೂ ಜೀವ ಹಿಡಿದುಕೊಂಡು ಕೂತಿದೆ. ಅರಸರು ಹೋದರು, ಕೋಳಿ ಉಳಿಯಿತು.

ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ವೇದಿಕೆಗಳಲ್ಲಿ ಈ ಗ್ರಂಥದ ಹೆಸರು ಹೆಚ್ಚಾಗಿ ಕೇಳಿಬರತೊಡಗಿದೆ. ನಮ್ಮದೂ ಒಂದು ವಿಶ್ವಕೋಶ ಇತ್ತು ಎಂಬ ಹೆಮ್ಮೆ. ಹೆಮ್ಮೆ ಪಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕೂತು ಈ ಪುಸ್ತಕವನ್ನು ಓದುವವನು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಕಾವ್ಯ, ಕಾದಂಬರಿ, ಆತ್ಮಕತೆಗಳನ್ನು ನಾವು ಜಾತಿಯ ಕಣ್ಣಿನಿಂದ ಓದಿದ್ದೇವೆ. ಆಟದ ಪುಸ್ತಕಗಳನ್ನು ಮಾತ್ರ ಮುಟ್ಟಿಲ್ಲ. ಆಟ ಅಂದರೆ ಬಿಡುವು, ಬಿಡುವಿನಲ್ಲಿ ಎಂಥಾ ಜಾತಿ ಎಂಬ ಸದರ ನಮ್ಮೊಳಗೂ ಇದೆ. ಬಿಡುವು ಯಾರಿಗಿತ್ತು ಎಂದು ಕೇಳಿದರೆ ಸಾಕು, ಆ ಸದರ ಅಲ್ಲಿಗೇ ನಿಲ್ಲುತ್ತದೆ.

ಕೆಲವು ವರ್ಷಗಳಿಂದ ಬೀದರ, ಭಾಲ್ಕಿ, ಔರಾದಗಳಲ್ಲಿ ನಮ್ಮ ಕೇರಿಗಳ ಓದುಗರ ಜೊತೆ ಇಂಥ ಪುಸ್ತಕಗಳನ್ನು ಓದುತ್ತ, ಕೆಲವನ್ನು ಓದಿ ಹೇಳುತ್ತ ಬಂದಿದ್ದೇನೆ. ಅವರ ಅಭಿಪ್ರಾಯಗಳು ನನಗೆ ಎಷ್ಟೋ ಪ್ರಬಂಧಗಳಿಗಿಂತ ಹೆಚ್ಚಿನದನ್ನು ಹೇಳಿಕೊಟ್ಟಿವೆ.

ಮೊದಲು ‘ಮಾನಸೋಲ್ಲಾಸ’ದ ಹಳೆಯ ಓದುಗರ ವಿಚಾರ. ಗ್ರಂಥ ಅಚ್ಚಾಗಿ ಎಲ್ಲರ ಕೈಗೆ ಎಟುಕಿದ್ದು 20ನೆಯ ಶತಮಾನದಲ್ಲಿ. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರು ಸಂಪಾದಿಸಿದ ಸಂಪುಟಗಳು 1925, 1939, 1961ರಲ್ಲಿ ಬಂದವು. ಅಲ್ಲಿಂದ ಮುಂದೆ ಒಬ್ಬೊಬ್ಬ ಓದುಗ ತನಗೆ ಬೇಕಾದ್ದನ್ನು ಹೆಕ್ಕಿಕೊಂಡ. ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಮತ್ಸ್ಯವಿನೋದದ ಅಧ್ಯಾಯ ಹಿಡಿದು, ಗಾಳ ಹಾಕುವ ಕಲೆಯ ಬಗ್ಗೆ, ಮೀನುಗಳ ಬಗ್ಗೆ ಇಲ್ಲಿ ಎಷ್ಟು ತಿಳಿವಳಿಕೆ ಇತ್ತೆಂದು ಬರೆದರು. ಇತಿಹಾಸಕಾರರು ಚಾಳುಕ್ಯ ವೈಭವ ಕಂಡರು. ಅಡಿಗೆಯ ಚರಿತ್ರೆ ಬರೆಯುವವರು ಇಡ್ಲಿಯ ಪೂರ್ವಜನನ್ನು ಕಂಡರು. ಅದೇ ಅನ್ನಭೋಗದ ಅಧ್ಯಾಯದಲ್ಲಿ ಹೊಲದ ಇಲಿ ಹುರಿಯುವ ವಿಧಾನವೂ ಇದೆ. ಇಡ್ಲಿಯನ್ನು ಎತ್ತಿ ಆಡುವವರು ಇಲಿಯ ಸುದ್ದಿ ತೆಗೆಯುವುದಿಲ್ಲ. ಯಾವ ಓದೂ ಮುಗ್ಧವಲ್ಲ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ನಮ್ಮವರ ಓದು ಬೇರೆ ಕಡೆ ಕಣ್ಣಿಟ್ಟಿತು. ಮಲ್ಲವಿನೋದದ ಸಾರಾಂಶವನ್ನು ಭಾಲ್ಕಿಯಲ್ಲಿ ಒಂದು ಸಂಜೆ ಹೇಳಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆ ಮಾಡುತ್ತಿದ್ದರು. ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ ಎಲ್ಲ ಅರಮನೆಯಿಂದಲೇ. ಹೆಂಗಸರ ಸಂಪರ್ಕ ಇರಬಾರದೆಂದು ಬೇರೆ ಇಡುತ್ತಿದ್ದರು. ಪೊಲೀಸ್ ಭರ್ತಿಗೆಂದು ದಿನಾ ನಸುಕಿನಲ್ಲಿ ಓಡುತ್ತಿದ್ದ ಹುಡುಗನೊಬ್ಬ, “ಇದು ಸ್ಪೋರ್ಟ್ಸ್ ಹಾಸ್ಟೆಲ್ ಇದ್ದಂಗೇ ಅದ ನೋಡ್ರಿ ಸರ್” ಅಂದ. ಪಕ್ಕದಲ್ಲಿದ್ದ ಅವನ ಕಾಕಾ, ಎತ್ತು ಸಾಕಿ ಗೊತ್ತಿದ್ದವರು, “ಹಾಸ್ಟೆಲ್ ಅಲ್ಲೋ ತಮ್ಮಾ, ಕೊಟಿಗಿ. ಟಗರಿಗೂ ಹಂಗೇ ತಿನಸ್ತಾರ” ಅಂದರು. ಆ ಕಾಕಾ ಗ್ರಂಥ ಓದಿದವರಲ್ಲ. ಆದರೆ ಮಲ್ಲವಿನೋದದ ಮುಂದಿನ ಅಧ್ಯಾಯಗಳಲ್ಲೇ ಕೋಳಿ ಮತ್ತು ಟಗರಿನವೂ ಇವೆ ಎಂಬುದನ್ನು ಆಮೇಲೆ ತಿಳಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅರಸನ ಪುಸ್ತಕದಲ್ಲಿ ಕುಸ್ತಿಯಾಡುವ ಮನುಷ್ಯನಿಗೂ ಹಾಯುವ ಟಗರಿಗೂ ಒಂದೇ ಸಾಲಿನಲ್ಲಿ ಜಾಗ. ಎರಡನ್ನೂ ನೋಡುವವನು ಕೂತಿದ್ದಾನೆ. ಪುಸ್ತಕ ಬರೆದದ್ದು ಆ ಕೂತವನು.

ಅಲ್ಲಿ ಇಲ್ಲದವರ ಪಟ್ಟಿ ಇನ್ನೂ ದೊಡ್ಡದು. ಜಿಂಕೆಯನ್ನು ಅರಸನ ಬಾಣದೆದುರಿಗೆ ಅಟ್ಟಿದವರು ಯಾರು? ನಾಯಿಗೆ ಕೂಳು ಹಾಕಿದವರು, ಆನೆಯ ಲದ್ದಿ ಬಳಿದವರು, ಕುದುರೆಯ ತಡಿಗೂ ಕಡಿವಾಣಕ್ಕೂ ತೊಗಲು ಹದ ಮಾಡಿದವರು ಯಾರು? ಪುಸ್ತಕದ ವಿನೋದವೆಲ್ಲ ಅವರ ಕೈಮೇಲೆ ನಿಂತಿದೆ. ಸುಸ್ತಾದ ದೇಹಗಳು ಅಲ್ಲಿ ಕಾಣುವುದಿಲ್ಲ. ಗೀತವಿನೋದದ ಒಂದು ಕಡೆ ಮಾತ್ರ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಓವಿ ಹಾಡುತ್ತಾರೆ ಎಂಬ ಮಾತು ಬರುತ್ತದೆ. ಅಷ್ಟು ದೊಡ್ಡ ಗ್ರಂಥದಲ್ಲಿ ದುಡಿಯುವ ಹೆಂಗಸೊಬ್ಬಳ ದನಿ ನನಗೆ ಕೇಳಿಸಿದ್ದು ಅಲ್ಲಿ. ಔರಾದ ಕಡೆಯ ಹಳ್ಳಿಗಳಲ್ಲಿ ಓವಿ ಗೊತ್ತಿದ್ದ ಮುದುಕಿಯರು ಇದನ್ನು ಕೇಳಿ ಖುಷಿಪಟ್ಟರು. ಅವರಿಗೆ ಅದು ಆಟವಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಸೋಮೇಶ್ವರ ತೀರಿಕೊಂಡು ಎರಡು ಮೂರು ದಶಕ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಬರವಣಿಗೆ ಹುಟ್ಟಿತು. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯರ ಹೆಸರುಗಳನ್ನು ನಾವು ಸದಾ ಹೇಳುತ್ತೇವೆ. ವಚನಕಾರರ ಪಟ್ಟಿಯಲ್ಲಿ ರಂಜಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಎಷ್ಟು ಮಂದಿ ಇದ್ದಾರೆಂದು ನಾವು ಎಣಿಸಿಲ್ಲ. ಬಹುರೂಪಿ ಚೌಡಯ್ಯ ವೇಷ ಹಾಕುವವನು, ನಗೆಯ ಮಾರಿತಂದೆ ನಗಿಸುವವನು, ಕಲಕೇತಯ್ಯ ಬೀದಿಯಲ್ಲಿ ಜನರನ್ನು ರಂಜಿಸುವವನು. ‘ಮಾನಸೋಲ್ಲಾಸ’ದ ಲೆಕ್ಕದಲ್ಲಿ ಇವರೆಲ್ಲ ವಿನೋದದ ಸಾಮಗ್ರಿ. ವಚನದಲ್ಲಿ ಅವರೇ ಮಾತನಾಡುತ್ತಾರೆ, ಅದೂ ಕನ್ನಡದಲ್ಲಿ, ತಮ್ಮ ಕಸುಬಿನ ಮಾತಿನಲ್ಲಿ. ಒಂದೇ ಊರಿನ ಈ ಎರಡು ಬರವಣಿಗೆಗಳನ್ನು ಪಕ್ಕಪಕ್ಕ ಇಟ್ಟು ಓದದೆ ಕಲ್ಯಾಣದ ಚರಿತ್ರೆ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ವಾದ. ವಚನ ಚಳವಳಿಯನ್ನು ಕಾಯಕದ ಚಳವಳಿ ಎನ್ನುತ್ತೇವೆ. ಸರಿಯೇ. ಆಟದ ಆಳುಗಳು ಬಾಯಿ ತೆರೆದ ಚಳವಳಿಯೂ ಹೌದು.

ಅಲ್ಲಿಂದ ಕುಸ್ತಿಗೆ ಬರೋಣ. ನಮ್ಮ ಕಡೆ ಗರಡಿಗಿಂತ ತಾಲೀಮು ಎಂಬ ಮಾತು ಹೆಚ್ಚು ಬಳಕೆ, ಅದು ಉರ್ದುವಿನ ಕಡೆಯಿಂದ ಬಂದದ್ದು. ಜಾತ್ರೆಯಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುವ ಆ ಸಂಭ್ರಮದಲ್ಲಿ ಹಲಗಿ ಇಲ್ಲದೆ ಜೋಡಿಗೆ ಕಳೆ ಇಲ್ಲ. ಹಲಗಿ ಬಡಿಯುವವರು ಮಾದಿಗರು, ಗಡಿ ಭಾಗದಲ್ಲಿ ಮಾಂಗರು. ಭಾಲ್ಕಿಯ ಒಂದು ವಾಚನಾಲಯದಲ್ಲಿ ಕುಸ್ತಿಯ ಪಟ್ಟುಗಳನ್ನು ಚಿತ್ರಸಮೇತ ಹೇಳುವ ಹಳೆಯ ಪುಸ್ತಕವೊಂದು ಸಿಕ್ಕಿತು. ರಟ್ಟು ಕಿತ್ತುಹೋಗಿ ಹೆಸರೂ ಉಳಿದಿಲ್ಲ. ಅದರ ಅಂಚುಗಳಲ್ಲಿ ಪೆನ್ಸಿಲ್ಲಿನಲ್ಲಿ, ಬಾಲ್ ಪೆನ್ನಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಅಕ್ಷರಗಳಲ್ಲಿ ಓದುಗರು ಬರೆದಿದ್ದಾರೆ. ಹೆಚ್ಚಿನವು ಇಂಥ ಪಟ್ಟು ಸುಳ್ಳು, ಇಂಥದ್ದು ಸರಿ ಎಂಬ ತಕರಾರು. ಧೋಬಿ ಪಛಾಡ್ ಎಂಬ ಪಟ್ಟಿನ ಪುಟದಲ್ಲಿ ಯಾರೋ, “ಒಗೆಯುವವನ ಹೆಸರು ಪುಸ್ತಕದಲ್ಲಿ ಅದ, ಒಗೆಯುವವ ಅಖಾಡದಾಗ ಇಲ್ಲ” ಎಂದು ಬರೆದಿದ್ದಾರೆ. ಕೊನೆಯ ಪುಟದಲ್ಲಿ ಇನ್ನೊಂದು ಕೈಬರಹ: “ಎಲ್ಲಾ ಅದ. ಹಲಗಿ ಎಲ್ಲದ?”

ನಮ್ಮ ವಿಮರ್ಶಕರು ಪಠ್ಯದ ಮೌನ ಎಂದು ಬಹಳ ಬರೆದಿದ್ದಾರೆ. ಈ ನಾಲ್ಕು ಮಾತು ಬರೆದವರು ಯಾರ ಸಿದ್ಧಾಂತವನ್ನೂ ಓದಿರಲಿಕ್ಕಿಲ್ಲ. ಕಲ್ಲಿಗೆ ಬಟ್ಟೆ ಬಡಿಯುವ ತೋಳಿನ ಚಲನೆಯನ್ನು ಕುಸ್ತಿ ಕಲಿತುಕೊಂಡಿದೆ, ಹೆಸರನ್ನೂ ಉಳಿಸಿಕೊಂಡಿದೆ. ತೋಳಿನ ಒಡೆಯನನ್ನು ಮಾತ್ರ ಮಣ್ಣಿನ ಹೊರಗೆ ನಿಲ್ಲಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕುಸ್ತಿಯೂ ಕಬಡ್ಡಿಯೂ ಮುಟ್ಟುವ ಆಟಗಳು. ಕಬಡ್ಡಿಯಲ್ಲಂತೂ ಮುಟ್ಟುವುದೇ ಆಟ. ಮುಟ್ಟಿಸಿಕೊಂಡವನು ಹೊರಗೆ. ಮರಾಠಿ ಸೀಮೆಯಲ್ಲಿ ಹುತುತು ಎಂದು ಆಡುತ್ತಿದ್ದ ಈ ಆಟಕ್ಕೆ 20ನೆಯ ಶತಮಾನದ ಎರಡನೆಯ, ಮೂರನೆಯ ದಶಕಗಳಲ್ಲಿ ಸತಾರಾ, ಬರೋಡಾಗಳಲ್ಲಿ ನಿಯಮಗಳನ್ನು ಬರೆದರು. ಅಂಗಳದ ಅಳತೆ, ಆಳುಗಳ ಎಣಿಕೆ, ಉಸಿರಿನ ಕಟ್ಟಳೆ ಎಲ್ಲವನ್ನೂ ಬರೆದರು. ಮುಟ್ಟಿದರೆ ಮೈಲಿಗೆಯಾಗುವ ಸಮಾಜದಲ್ಲಿ ಮುಟ್ಟುವ ಆಟ ಹೇಗೆ ನಡೆಯಬೇಕು ಎಂಬ ಕಟ್ಟಳೆಯನ್ನು ಬರೆಯುವ ಜರೂರು ಯಾರಿಗೂ ಬೀಳಲಿಲ್ಲ. ಅದು ಮೊದಲೇ ಜಾರಿಯಲ್ಲಿತ್ತು. ಕೇರಿಯ ಹುಡುಗರು ಕೇರಿಯಲ್ಲಿ ಆಡುತ್ತಿದ್ದರು, ಊರ ಹುಡುಗರು ಊರಲ್ಲಿ.

ಕ್ರಿಕೆಟ್ಟು ಹಾಗಲ್ಲ. ಅಲ್ಲಿ ಆಟಗಾರರು ಒಬ್ಬರನ್ನೊಬ್ಬರು ಮುಟ್ಟಬೇಕಿಲ್ಲ, ನಡುವೆ ಒಂದು ಚೆಂಡು ಓಡಾಡುತ್ತದೆ. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಚಮ್ಮಾರರ ಹುಡುಗ ಪಾಲ್ವಣಕರ ಬಾಳೂ ಹಿಂದೂಗಳ ತಂಡದೊಳಕ್ಕೆ ಹೋಗಲು ಸಾಧ್ಯವಾದದ್ದಕ್ಕೆ ಈ ಅಂತರವೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಬಿಳಿಯರನ್ನು ಸೋಲಿಸುವ ಹಟ ಮುಖ್ಯ ಕಾರಣ, ನಿಜ. ಪುಣೆಯ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ನೆಲ ಉರುಳಿಸಿ, ಗೆರೆ ಎಳೆದು, ಬಲೆ ಕಟ್ಟುತ್ತಿದ್ದ ಬಾಳೂ, ಇಂಗ್ಲಿಷ್ ಆಟಗಾರರಿಗೆ ಚೆಂಡು ಹಾಕುತ್ತ ಹಾಕುತ್ತ ಎಡಗೈ ಸ್ಪಿನ್ನಿನ ಒಡೆಯನಾದ. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅವನು ತಂಡದಲ್ಲಿದ್ದ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ. ಮೈದಾನದಲ್ಲಿ ಅವನ ಕೈಯ ಚೆಂಡು ಎಲ್ಲರಿಗೂ ಬೇಕು. ಚಹಾದ ಹೊತ್ತಿಗೆ ಅವನು ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಅದೇ ಕಾಲಕ್ಕೆ ಕೊಲ್ಲಾಪುರದ ಶಾಹೂ ಮಹಾರಾಜರು ಗಂಗಾರಾಮ ಕಾಂಬಳೆಯ ಹೋಟೆಲ್ಲಿನಲ್ಲಿ ಚಹಾ ಕುಡಿದ ಕತೆ ಗಡಿಭಾಗದ ನಮ್ಮವರಿಗೆಲ್ಲ ಬಾಯಿಪಾಠ. ಕುಸ್ತಿಗಾಗಿ 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಅರಸು ಅವರು. ಚಹಾದ ಮಾತು ಬಂದಾಗ ಓದುಗರು ತಾವಾಗಿಯೇ ಬಾಳೂವಿನಿಂದ ಶಾಹೂಗೆ ಜಿಗಿಯುತ್ತಿದ್ದರು.

ಬಾಳೂವಿನ ಚರಿತ್ರೆ ಹೊಸ ತಲೆಮಾರಿಗೆ ವಿಸ್ತಾರವಾಗಿ ಸಿಕ್ಕಿದ್ದು ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸದಲ್ಲಿ. ಬಹಳ ದೊಡ್ಡ ಕೆಲಸ. ಬಾಳೂವಿನ ತಮ್ಮ ವಿಠ್ಠಲ ಮರಾಠಿಯಲ್ಲಿ ಬರೆದ ಕ್ರೀಡಾ ಆತ್ಮಕತೆಯೂ ಇದೆ, 1948ರದು. ಔರಾದದ ಓದುಗರು ಇಂಥ ಮರಾಠಿ ಬರಹಗಳನ್ನು ಸಲೀಸಾಗಿ ಓದುತ್ತಾರೆ. 1948ರ ತನಕ ನಿಜಾಮರ ಶಾಲೆಗಳಲ್ಲಿ ಉರ್ದು. 1956ರಲ್ಲಿ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹ್ಮದಪುರ ಆ ಕಡೆಗೆ ಹೋದವು, ಔರಾದ ಈ ಕಡೆ ಉಳಿಯಿತು. ನೆಂಟಸ್ತಿಕೆ, ಸಂತೆ, ಪುಸ್ತಕ ಮಾತ್ರ ಗಡಿ ದಾಟುತ್ತಲೇ ಇವೆ. ಅಂಬೇಡ್ಕರ್ ಜಯಂತಿಯ ಹಾಡುಗಳು ಅಲ್ಲಿ ಎರಡೂ ಭಾಷೆಯಲ್ಲಿ ನಡೆಯುತ್ತವೆ.

ಈ ಚರಿತ್ರೆಯನ್ನು ಓದಿ ಹೇಳಿದಾಗ ಮೂರು ಊರಲ್ಲೂ ಮೊದಲ ಅರ್ಧಕ್ಕೆ ಒಂದೇ ಪ್ರತಿಕ್ರಿಯೆ: ಎದೆ ಉಬ್ಬಿತು. 1920ರಲ್ಲಿ ನಾಯಕತ್ವದಲ್ಲಿ ಜಾತಿ ನೋಡಿದರೆಂದು ವಿಠ್ಠಲ, ಶಿವರಾಮ ಇಬ್ಬರೂ ತಂಡ ಬಿಟ್ಟು ಹೊರಗೆ ಬಂದ ಸಂಗತಿಗೆ ಬೀದರದಲ್ಲಿ ಚಪ್ಪಾಳೆಯೇ ಬಿತ್ತು. 1923ರಲ್ಲಿ ವಿಠ್ಠಲ ನಾಯಕನಾದ ಎಂದಾಗಲೂ ಹಾಗೇ. ಆದರೆ 1937 ಬಂದಾಗ ಸಭೆ ತಣ್ಣಗಾಯಿತು. ಆ ವರ್ಷ ಮುಂಬೈ ವಿಧಾನಸಭೆಯ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರಿಗೆ ಕಾಂಗ್ರೆಸ್ಸು ನಿಲ್ಲಿಸಿದ್ದು ಇದೇ ಬಾಳೂವನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳೂವಿಗೆ 11,225.

ಬೀದರದ ಒಬ್ಬ ನಿವೃತ್ತ ಮೇಷ್ಟ್ರು ಸಿಟ್ಟಾದರು. “ಹಂಗಾರ ಈ ಪುಸ್ತಕ ನಮಗ್ಯಾಕ ಬೇಕ್ರಿ? ಬಾಬಾಸಾಹೇಬರ ವಿರುದ್ಧ ನಿಂತವನ ಕತಿ ಓದ್ಸಲಕತ್ತೀರಿ?” ಎಂದರು. ಇನ್ನೊಬ್ಬರು, ವಯಸ್ಸಿನಲ್ಲಿ ಕಿರಿಯರು, ಎದುರು ಹೇಳಿದರು: “ನಿಂತವ ಒಬ್ಬ, ನಿಲ್ಲಿಸಿದವರು ಬ್ಯಾರೆ. ಚಹಾಕ್ಕ ಹೊರಗ ನಿಲ್ಲಿಸಿದವರೇ ಓಟಿಗೆ ಒಳಗ ಕರದಾರ.” ಜಗಳ ಒಂದು ತಾಸು ನಡೆಯಿತು. ಎರಡೂ ಕಡೆಗೆ ಬಲವಿತ್ತು. ಯುವಕ ಅಂಬೇಡ್ಕರರಿಗೆ ಬಾಳೂ ಹೆಮ್ಮೆಯ ವ್ಯಕ್ತಿ ಆಗಿದ್ದ ಎಂಬುದನ್ನೂ, 1932ರ ಹೊತ್ತಿಗೆ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಇಬ್ಬರೂ ಎರಡು ದಿಕ್ಕಿಗೆ ನಿಂತರೆಂಬುದನ್ನೂ ನಾನು ಹೇಳಿದೆ. ಅದು ಬೆಂಕಿಗೆ ತುಪ್ಪವಾಯಿತೇ ಹೊರತು ನೀರಾಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಮೇಲುಜಾತಿಯ ಓದುಗನಿಗೆ ಬಾಳೂ ಸುಲಭದ ನಾಯಕ: ನೋಡಿ, ಪ್ರತಿಭೆ ಇದ್ದರೆ ಜಾತಿ ಅಡ್ಡ ಬರಲಿಲ್ಲ ಎಂದು ತೋರಿಸಲು ಅನುಕೂಲ. ನಮ್ಮವರಿಗೂ ಒಂದು ಸುಲಭ ದಾರಿ ಇದೆ: 1937ನ್ನು ಹರಿದುಹಾಕಿ ಉಳಿದ ಪುಟಗಳನ್ನು ಗೋಡೆಗೆ ಅಂಟಿಸುವುದು, ಇಲ್ಲವೇ 1937ನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸುಡುವುದು. ದಲಿತ ಓದು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ. ಟ್ರಿನಿಡಾಡಿನ ಕರಿಯ ಲೇಖಕ ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ ಪ್ರಕಟಿಸಿದ ಕ್ರಿಕೆಟ್ ಪುಸ್ತಕ ಈ ವಿಷಯದಲ್ಲಿ ನಮಗೆ ಹತ್ತಿರದ್ದು. ಅವನ ಊರಿನಲ್ಲಿ ಮೈಬಣ್ಣದ ಒಂದೊಂದು ಛಾಯೆಗೆ ಒಂದೊಂದು ಕ್ಲಬ್ಬು. ಕರಿಯರ ಶಾನನ್ ಕ್ಲಬ್ಬಿಗೆ ಹೋಗಬೇಕಾದವನು ಕಂದು ಮೈಯವರ ಮೇಪಲ್ ಸೇರಿದ. ಅದರಿಂದ ತನ್ನ ರಾಜಕೀಯ ತಿಳಿವಳಿಕೆ ವರ್ಷಗಟ್ಟಲೆ ಹಿಂದೆ ಬಿತ್ತೆಂದು ತಾನೇ ಬರೆದುಕೊಂಡ. ಫ್ರಾಂಕ್ ವೊರೆಲ್ 1960ರಲ್ಲಿ ವೆಸ್ಟ್ ಇಂಡೀಸ್ ನಾಯಕನಾಗಲು ಪತ್ರಿಕೆಯಲ್ಲಿ ಚಳವಳಿ ಮಾಡಿದವನೂ ಅವನೇ. ಕ್ರಿಕೆಟ್ಟನ್ನು ಪ್ರೀತಿಸುತ್ತಲೇ ಕ್ರಿಕೆಟ್ಟಿನ ಲೆಕ್ಕ ಕೇಳಿದವನು. ಬಾಳೂವಿನ ವಿಷಯದಲ್ಲಿ ನಮಗೆ ಬೇಕಾದ ಧೈರ್ಯ ಅದು.

ಚೆಂಡಿನ ಲೆಕ್ಕವನ್ನಂತೂ ಇನ್ನೂ ಯಾರೂ ಸರಿಯಾಗಿ ಕೇಳಿಲ್ಲ. ಕ್ರಿಕೆಟ್ ಚೆಂಡಿನ ತೂಕ 155.9ರಿಂದ 163 ಗ್ರಾಂ ಇರಬೇಕೆಂದು ನಿಯಮದ ಪುಸ್ತಕ ಹೇಳುತ್ತದೆ. ಒಳಗೆ ಬೆಂಡು, ಅದರ ಮೇಲೆ ಉಣ್ಣೆಯ ದಾರ, ಮೇಲೆ ಕೆಂಪು ತೊಗಲು, ತೊಗಲಿನ ಮೇಲೆ ಕೈಹೊಲಿಗೆ. ಆ ಹೊಲಿಗೆ ಹಾಕುವವರು ಮೀರಠ್‌ನಲ್ಲಿ ಜಾಟವರು. ಜಲಂಧರದಲ್ಲಿ 1947ರಲ್ಲಿ ಸಿಯಾಲ್‌ಕೋಟದಿಂದ ಬಂದ ಮೇಘರು. ಟಿ.ಎಂ. ಕೃಷ್ಣ ಅವರು 2020ರಲ್ಲಿ ಮೃದಂಗ ಮಾಡುವವರ ಬಗ್ಗೆ ಪುಸ್ತಕ ಬರೆದು, ತೊಗಲು ಹದಮಾಡುವ ದಲಿತ ಕೈಗಳನ್ನು ಸಂಗೀತದ ಚರಿತ್ರೆಯೊಳಗೆ ತಂದರು. ಚೆಂಡು ಹೊಲಿಯುವವರ ಬಗ್ಗೆ ಅಂಥದೊಂದು ಪುಸ್ತಕ ಬೇಕು. ಹಲಗಿಯ ಬಗ್ಗೆ ಅಂಥದ್ದು ಭಾಲ್ಕಿಯಿಂದಲೇ ಬರಬೇಕು.

ಕೊನೆಗೆ ಔರಾದದ ಒಬ್ಬ ತಾಯಿಯ ಮಾತು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮರಾಠಿ ಕನ್ನಡ ಎರಡೂ ಓದುತ್ತಾರೆ. ಬಾಳೂವಿನ ಚರಿತ್ರೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ: “ಅವನ ಬಿಳಿ ಬಟ್ಟಿ ಯಾರು ಒಗೀತಿದ್ರಂತ ಬರದಾರೇನು?” ಗಂಡಸರೆಲ್ಲ 1937ರ ಜಗಳದಲ್ಲಿದ್ದರು, ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಮಾತು ‘ಮಾನಸೋಲ್ಲಾಸ’ದ ಕ್ರೀಡೆಗಳ ಕಡೆ ಹೊರಳಿತು. ಅದರಲ್ಲಿ ಆಂದೋಲನ ಕ್ರೀಡೆ ಎಂದು ಒಂದು ಅಧ್ಯಾಯ, ಅರಮನೆಯವರು ಉಯ್ಯಾಲೆಯಾಡುವುದು. ಆ ತಾಯಿಗೆ ಪಂಚಮಿಯ ಜೋಕಾಲಿ ನೆನಪಾಯಿತು. ಅವರ ಊರಲ್ಲಿ ಗೌಡರ ಬೇವಿನ ಗಿಡಕ್ಕೆ ಒಂದು ಜೋಕಾಲಿ, ಕೇರಿಯ ಹುಣಸಿ ಗಿಡಕ್ಕೆ ಇನ್ನೊಂದು. ಇವರು ಅಲ್ಲಿಗೆ ಹೋಗುವಂತಿಲ್ಲ, ಅವರು ಇಲ್ಲಿಗೆ ಬರುವುದಿಲ್ಲ. “ಎರಡಕ್ಕೂ ಹಗ್ಗ ನಮ್ಮಪ್ಪನೇ ಹೊಸದು ಕೊಡ್ತಿದ್ದ. ನಾವು ಮಾಂಗರು, ಹಗ್ಗ ನಮ್ಮದೇ ಕಸುಬು. ಅವರ ಹಗ್ಗ ದಪ್ಪ ಇರತಿತ್ತು” ಎಂದರು. ಎರಡನೆಯ ಜೋಕಾಲಿಗೆ ಹಗ್ಗ ಯಾಕೆ ಸಣ್ಣದಾಯಿತೆಂದು ಕೇಳಿದೆ. “ಮೊದಲು ಅವರದು ಮುಗಸಬೇಕಿತ್ತಲ್ಲ” ಎಂದರು.